ಏಳನೆಯವನು

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ, ಬೆಳಿಗ್ಗೆ ಒಂಬತ್ತೂವರೆ.
ನೂರಹದಿನೇಳನೇ ಲಾಟಿನ ಸುತ್ತ ನಾವು ಏಳು ಜನ ರೀಲರುಗಳು.
ಮಸ್ತಾನ್ ಸಾಬರು ಒಂದು ಗೂಡೆತ್ತಿ
ಕಿವಿಯ ಹತ್ತಿರ ಆಡಿಸಿದರು, ಗಿಲಕಿಯ ಹಾಗೆ.
ಕಣ್ಣು ಮುಚ್ಚಿದರು.
ಅವರು ಕಣ್ಣು ಮುಚ್ಚಿದರೆ
ಅರ್ಧ ಮಾರುಕಟ್ಟೆ ಉಸಿರು ಹಿಡಿಯುತ್ತದೆ.
"ಒಣ ಸದ್ದು," ಅಂದರು, "ಸುಣ್ಣಕಟ್ಟು."

ಬಾಬಾಜಾನ್ ಆಡಿಸಿದ: ಹೌದು, ಒಣಕಲು.
ಆಂಜಿನಪ್ಪ ಆಡಿಸಿದ: ಹೌದ್ಹೌದು.
ಪ್ಯಾರೇಜಾನ್ ಗೂಡು ಆಡಿಸಲಿಲ್ಲ, ತಲೆಯಷ್ಟೇ ಆಡಿಸಿದ.
ಇನ್ನಿಬ್ಬರೂ ಹಾಗೇ.

ನಾನು ಏಳನೆಯವನು.
ಸತ್ತದ್ದು ಟಿಕ್ ಅನ್ನುತ್ತೆ, ಬದುಕಿದ್ದು ದುಬ್ ಅನ್ನುತ್ತೆ,
ಇಷ್ಟೇ ಕಣೋ ವಿದ್ಯೆ, ಅಂತ ಅಪ್ಪ ಕಲಿಸಿದ್ದ.
ನನ್ನ ಕೈಯ ಗೂಡು ದುಬ್ ಅಂದಿತು.
ನಾನು ಹೌದು ಅಂದೆ.

ಯಾರೂ ಕತ್ತಿನ ಪಟ್ಟಿ ಹಿಡಿದಿರಲಿಲ್ಲ.
ಸಾಬರಿಗೆ ನನ್ನಿಂದ ಬರಬೇಕಾದ ಸಾಲವೂ ಇರಲಿಲ್ಲ.
ಆರು ಜನ ನನ್ನ ಕಡೆ ತಿರುಗಿದ್ದರು, ಅಷ್ಟೇ,
ಆಕಳಿಕೆ ಬಂದ ಹಾಗೆ ಬಂತು ಆ ಮಾತು.
ಆಮೇಲೆ ಅದಕ್ಕೊಂದು ಕಾರಣ ಹುಡುಕಿದೆ:
ಚರಕದ ಗದ್ದಲದಲ್ಲಿ ಹದಿನೆಂಟು ವರ್ಷ ಕೂತ ಕಿವಿ,
ಆರು ಜನಕ್ಕೆ ಕೇಳದ್ದು
ನನಗೊಬ್ಬನಿಗೇ ಕೇಳಿಸೀತೇ?

ಹರಾಜು ಈಗ ಮೊಬೈಲಿನಲ್ಲಿ.
ಯಾರ ಬೆರಳು ಏನು ಒತ್ತಿತು ಯಾರಿಗೂ ಕಾಣುವುದಿಲ್ಲ.
ಆದರೂ ಎಲ್ಲರ ಹೆಬ್ಬೆರಳೂ
ಇನ್ನೂರ ಎಂಬತ್ತರ ಆಸುಪಾಸಿನಲ್ಲೇ ಸುಳಿದಾಡಿದವು.
ಪಕ್ಕದ ಲಾಟು ಐನೂರು ದಾಟಿತ್ತು.

ದಿಬ್ಬೂರಹಳ್ಳಿಯ ಮುನಿರತ್ನಮ್ಮ,
ಆ ಹುಳುಗಳಿಗೆ ಹಗಲೂ ರಾತ್ರಿ ಸೊಪ್ಪು ಹಾಕಿದವಳು,
ತಾನೂ ಒಂದು ಗೂಡೆತ್ತಿ ಕಿವಿಗಿಟ್ಟಳು.
ನನ್ನನ್ನು ನೋಡಿದಳು. ಬಾಬಾಜಾನನನ್ನು ನೋಡಿದಳು.
ಮೆಲ್ಲಗೆ ಕೆಳಗಿಟ್ಟಳು, ನೋವಾದೀತು ಅನ್ನುವ ಹಾಗೆ.
"ಇರಬೌದು ಬಿಡಪ್ಪ," ಅಂದಳು.

ಹುಳು ಜ್ವರಕ್ಕೆ ಕೂರುವುದನ್ನು ನೋಡಿದ್ದೀರಾ?
ತಟ್ಟೆ ತುಂಬ ತಲೆ ಎತ್ತಿ, ಒಂದೇ ಹೊತ್ತಿಗೆ, ಒಂದೇ ಮೌನ.
ಎಲ್ಲ ಕೂತಾಗ ಇನ್ನೂ ಮೇಯುತ್ತಿರುವುದನ್ನು
ಕಸದ ಜೊತೆ ಆರಿಸಿ ಎಸೆಯುತ್ತೇವೆ.
ತಲತಲಾಂತರದಿಂದ ಹುಳು ಸಾಕಿದ ಊರು ನಮ್ಮದು.

ಲಾಟು ನನಗೇ ಬಿತ್ತು.
ಸಂಜೆ ಚೀಲದಿಂದ ಒಂದು ಗೂಡು ತೆಗೆದು ಆಡಿಸಿದೆ.
ಟಿಕ್ ಅಂದಿತು.
ದೇವರಾಣೆ, ಟಿಕ್ ಅಂತಲೇ ಕೇಳಿಸಿತು.
ಅಷ್ಟು ಹೊತ್ತಿಗೆ ಸುಣ್ಣಕಟ್ಟಿನ ಕತೆಯನ್ನು
ಮೂರು ಟೀ ಅಂಗಡಿಯಲ್ಲಿ ಹೇಳಿ ಬಂದಿದ್ದೆ.

ಮಾರನೆಯ ದಿನ ಬಿಸಿನೀರಿನ ತೊಟ್ಟಿಯಿಂದ
ಎಳೆ ಎದ್ದು ಬಂತು. ಬರುತ್ತಲೇ ಇತ್ತು.
ಎಲ್ಲೂ ಕಡಿಯಲಿಲ್ಲ.
ತೊಟ್ಟಿಯ ಮುಂದೆ ಕೂತ ಶಮೀಮಾ
ಬೆಂದು ಬಿಳಿಚಿದ ಬೆರಳು ಒರೆಸಿಕೊಳ್ಳುತ್ತ ಕೇಳಿದಳು:
"ಇದನ್ನ ಸುಣ್ಣಕಟ್ಟು ಅಂದೋರು ಯಾರು?"
"ಎಲ್ಲರೂ."
"ಎಲ್ಲರೂ ಅಂದ್ರೆ ಯಾರು?"
ಹೆಸರು ಹೇಳುತ್ತಾ ಹೋದೆ,
ಆರಕ್ಕೆ ನಿಲ್ಲಿಸಿದೆ.

ತಿಂಗಳಾದ ಮೇಲೆ ಅಮಾನಿಕೆರೆಯ ಏರಿಯ ಮೇಲೆ
ಮಸ್ತಾನ್ ಸಾಬರು ಸಿಕ್ಕರು. ಮಾತು ಮಾತಿಗೆ
ಆ ಲಾಟಿನ ವಿಷಯ ಬಂತು.
"ಆಂ?" ಅಂದರು. ಇನ್ನೂ ಗಟ್ಟಿಯಾಗಿ ಕೇಳಿದೆ.
ನಕ್ಕರು, ಹತ್ತಿರ ಎಳೆದುಕೊಂಡರು.
"ಎಡಗಿವಿ ಹೋಗಿ ಎರಡು ವರ್ಷ ಆಯ್ತು. ಬಲದ್ದು ಹೋದ ರಂಜಾನಿಗೆ.
ಯಾರಿಗೂ ಹೇಳಬೇಡ.
ಕಣ್ಣು ಮುಚ್ಚಿದ ಹಾಗೆ ಮಾಡಿ
ರೆಪ್ಪೆ ಸಂದೀಲಿ ನಿಮ್ಮ ಮುಖ ನೋಡ್ತೀನಿ.
ಆವತ್ತು ಎದುರಿಗೆ ನೀನಿದ್ದೆ.
ಹುಳಿ ತಿಂದೋನ ಹಾಗೆ ಮುಖ ಕಿವಿಚಿಕೊಂಡಿದ್ದೆ.
ಲಾಟು ಕೆಟ್ಟಿದೆ ಅಂತ ಗೊತ್ತಾಯ್ತು."

ಆವತ್ತು ನನಗೆ ಹಲ್ಲುನೋವು.

ಆ ಹಲ್ಲು ಕೀಳಿಸಿದ್ದೇನೆ. ಮುನಿರತ್ನಮ್ಮನ ಮುಂದಿನ ಬೆಳೆ ಬಂತು.
ಗೂಡು ಸುರಿದಳು. ಈ ಸಲ ಒಂದನ್ನೂ ಎತ್ತಿ ನೋಡಲಿಲ್ಲ,
ನಮ್ಮ ಮುಖಗಳನ್ನೇ ನೋಡುತ್ತ ನಿಂತಳು.
ಮಸ್ತಾನ್ ಸಾಬರು ಕಣ್ಣು ಮುಚ್ಚಿದರು.
ನಾನು ಎಲ್ಲರಿಗಿಂತ ಮೊದಲೇ ಕೈ ಹಾಕಿ ಒಂದು ಗೂಡೆತ್ತಿದೆ.
ದುಬ್.
ಬಾಯಿ ತೆರೆಯಬೇಕು,
ನಾಲಿಗೆ ಹಲ್ಲಿಲ್ಲದ ಸಂದಿಯನ್ನು ಸವರುತ್ತಿದೆ.